ಹಳೇ ಕ್ಯಾಂಪರ್ ವ್ಯಾನ್: ಇಸಾರ (ಮುಂಗಡ) ಕೊಡೋ ಮೊದಲು ಏನೇನು ನೋಡಬೇಕು

ನಮ್ಮ ಕಡೆ ಮಾರಾಟಕ್ಕೆ ಬರುವ ಹಳೇ ಕ್ಯಾಂಪರ್ ವ್ಯಾನ್‌ಗಳಲ್ಲಿ ಬಹುಪಾಲು ಕಂಪನಿಯಿಂದಲೇ ಹಾಗೆ ತಯಾರಾಗಿ ಬಂದವಲ್ಲ. ಟ್ರಾವೆಲ್ಸ್‌ನಲ್ಲಿ ವರ್ಷಗಟ್ಟಲೆ ದುಡಿದ ಟೆಂಪೋ ಟ್ರಾವೆಲರ್, ಶಾಲೆ ಮಕ್ಕಳ ವ್ಯಾನ್, ಒಮ್ಮೊಮ್ಮೆ ಹಳೇ ಆಂಬುಲೆನ್ಸ್. ಸೀಟು ಕಿತ್ತು, ಪ್ಲೈವುಡ್ ಹೊಡೆದು, ಮಂಚ, ಅಡುಗೆ ಕಟ್ಟೆ, ಸಿಂಕು, ಮೂಲೆಯಲ್ಲೊಂದು ಟಾಯ್ಲೆಟ್ ಕೂರಿಸಿರುತ್ತಾರೆ. ಮೇಲೆ ಎರಡು ಸೋಲಾರ್ ಪ್ಯಾನೆಲ್. ಫೋಟೋದಲ್ಲಿ ಬಹಳ ಚಂದ ಕಾಣುತ್ತದೆ. ಹುಬ್ಬಳ್ಳಿಯಿಂದ ದಾಂಡೇಲಿ, ಗೋಕರ್ಣ, ಬಾದಾಮಿ, ಹಂಪಿ ಎಲ್ಲವೂ ಅರ್ಧ ದಿನದೊಳಗಿನ ದಾರಿ. ಮನಸ್ಸು ಎಳೆಯೋದು ಸಹಜ. ಯಲ್ಲಮ್ಮನ ಗುಡ್ಡಕ್ಕೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲೇ ಸಂಸಾರ ಹೂಡಿಕೊಂಡು ಹೋಗುವ ಮಂದಿಗೆ ಗಾಡಿಯಲ್ಲಿ ಮಲಗೋದು ಹೊಸದೇನಲ್ಲ.

ಇಂಥ ಗಾಡಿ ನೋಡೋಕೆ ಹೋಗುವವರು ಸಾಮಾನ್ಯವಾಗಿ ಪರಿಚಯದ ಮಿಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಅವರು ಬಾನೆಟ್ ಎತ್ತಿ, ಎರಡು ಸಲ ರೇಸ್ ಮಾಡಿ, "ಇಂಜಿನ್ ಚಲೋ ಐತ್ರಿ" ಅನ್ನುತ್ತಾರೆ. ಮಾರುವವರು ಅದಕ್ಕೆ ತಕ್ಕಂತೆ "ಏನೂ ಕೆಲಸ ಇಲ್ರೀ ಸರ, ಚಾವಿ ತಗೊಂಡು ಹೋಗೂದ ಬಾಕಿ" ಅನ್ನುತ್ತಾರೆ. ವ್ಯಾಪಾರ ಕುದುರುತ್ತದೆ. ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು. ಗೋಕುಲ ರಸ್ತೆಯ ಆಚೀಚೆ ಡೀಸೆಲ್ ಇಂಜಿನ್ ಬಿಚ್ಚಿ ಜೋಡಿಸುವವರಿಗೆ ಬರವಿಲ್ಲ. ದುಡ್ಡು ಹೋದರೂ ಇಂಜಿನ್ ಸರಿಯಾಗುತ್ತದೆ. ತಪ್ಪು ಆರ್‌ಸಿ ಮತ್ತು ನೀರು ಕುಡಿದು ಕೊಳೆತ ಮೈ, ಇವೆರಡು ಮಾತ್ರ ದುಡ್ಡು ಸುರಿದರೂ ಸುಲಭಕ್ಕೆ ಸರಿಯಾಗೋದಿಲ್ಲ. ಹಾಗಾಗಿ ಮೊದಲು ಕಾಗದ, ಆಮೇಲೆ ನೀರು, ಆಮೇಲೆ ತಳ ಮತ್ತು ತೂಕ. ಇಂಜಿನ್ ಕೊನೆಗೆ.

ಗಾಡಿ ನೋಡೋಕೆ ಹೋಗುವ ಮೊದಲೇ ಕಾಗದ ನೋಡಿ

ಮಾರುವವರಿಂದ ಆರ್‌ಸಿಯ ಎರಡೂ ಬದಿಯ ಫೋಟೋ ತರಿಸಿಕೊಳ್ಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ, ಪೆಟ್ರೋಲ್ ಆದರೂ ಉಳಿಯುತ್ತದೆ. ಸಿಕ್ಕಿದರೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮೊದಲು ನೋಡಬೇಕಾದದ್ದು ವಾಹನದ ವರ್ಗ. ಕ್ಯಾಂಪರ್ ವ್ಯಾನ್ ಅಥವಾ ಮೋಟಾರ್ ಕ್ಯಾರವಾನ್ ಅಂತ ಇದ್ದರೆ ಸರಿ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್‌ಗೆ ನಮ್ಮ ನಿಯಮಗಳಲ್ಲಿ ಬೇರೆಯೇ ವರ್ಗವಿದೆ, ಬಾಡಿಗೆಗೆ ಓಡಿಸುವ ಕ್ಯಾಂಪರ್ ವ್ಯಾನ್ ಸಾರಿಗೆ ವಾಹನದ ಲೆಕ್ಕಕ್ಕೆ ಬರುತ್ತದೆ. ಆದರೆ ಹಳೇ ಗಾಡಿಗಳಲ್ಲಿ ಸಿಗುವುದು ಜಾಸ್ತಿ ಮೂರನೆಯ ಜಾತಿ. ಒಳಗೆ ಮಂಚ, ಅಡುಗೆ ಮನೆ. ಆರ್‌ಸಿಯಲ್ಲಿ ಇನ್ನೂ ಮ್ಯಾಕ್ಸಿ ಕ್ಯಾಬ್, ಚಾಲಕ ಬಿಟ್ಟು 12 ಜನ. ಅಂದರೆ ಸೀಟು ಕಿತ್ತ ವಿಷಯ ಆರ್‌ಟಿಒಗೆ ಗೊತ್ತೇ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಸುಮ್ನೆ ಬದಲಾಯಿಸುವಂತಿಲ್ಲ, ಒಪ್ಪಿಗೆ ಬೇಕು. ದಾರಿಯಲ್ಲಿ ಹಿಡಿದರೆ ದಂಡ ಕಟ್ಟಿ ಬರಬಹುದು ಅಂದುಕೊಳ್ಳೋಣ. ಅಪಘಾತವಾದರೆ? ಪಾಲಿಸಿಯಲ್ಲಿ ಒಂದು ಗಾಡಿ, ರಸ್ತೆ ಮೇಲೆ ಇನ್ನೊಂದು ಗಾಡಿ. ವಿಮೆ ಕಂಪನಿಗೆ ಕೈ ಎತ್ತೋಕೆ ಅಷ್ಟು ನೆಪ ಸಾಕು.

"ಅದನ್ನ ಆಮ್ಯಾಲೆ ಮಾಡಿಸಿಕೊಳ್ರಿ, ನಮ್ಮ ಏಜೆಂಟ್ ಅದಾನ" ಎಂಬ ಮಾತು ಖಂಡಿತ ಬರುತ್ತದೆ. ಅಷ್ಟು ಸುಲಭವಿದ್ದರೆ ಅವರೇ ಯಾಕೆ ಮಾಡಿಸಲಿಲ್ಲ? ಮಾಡಿಸಿ ಕೊಡಿ, ಆಮೇಲೆ ದುಡ್ಡು ಅನ್ನಿ. ಮೋಟಾರ್ ಕ್ಯಾರವಾನ್ ಹೇಗಿರಬೇಕು ಅನ್ನೋದಕ್ಕೆ ಎಐಎಸ್-124 ಅಂತ ಒಂದು ಮಾನದಂಡವೇ ಇದೆ. ಹೆಸರಾಂತ ಕಡೆ ಕಟ್ಟಿಸಿದ ಗಾಡಿಯಾದರೆ ಅದರ ಅನುಮೋದನೆ ಕಾಗದ ಮಾಲೀಕರ ಫೈಲಿನಲ್ಲಿ ಇರಬೇಕು. ಶೆಡ್ಡಿನಲ್ಲಿ ಬಡಗಿಯನ್ನು ಕೂರಿಸಿ ಮಾಡಿಸಿದ ಗಾಡಿಗೆ ಅದು ಇರೋದಿಲ್ಲ. ಅಂಥದ್ದನ್ನು ಹೊಸ ವರ್ಗಕ್ಕೆ ಬದಲಾಯಿಸಲು ಆಗುತ್ತದೋ ಇಲ್ಲವೋ ಅಂತ ನಿಮ್ಮ ಆರ್‌ಟಿಒ ಕಚೇರಿಗೇ ಹೋಗಿ ಕೇಳಿ. ಧಾರವಾಡ ಕೆಎ-25, ಹುಬ್ಬಳ್ಳಿ ಕೆಎ-63, ಗದಗ ಕೆಎ-26, ಹಾವೇರಿ ಕೆಎ-27. ತೆರಿಗೆಯೂ ವರ್ಗದ ಮೇಲೆ ಬದಲಾಗುತ್ತದೆ, ಅದನ್ನೂ ಅಲ್ಲೇ ಬರೆಸಿಕೊಂಡು ಬನ್ನಿ. ಏಜೆಂಟನ ಬಾಯಿಮಾತು ಇಲ್ಲಿ ನಡೆಯೋದಿಲ್ಲ.

ಆಮೇಲೆ ವಯಸ್ಸು. ಬಿಳಿ ಬೋರ್ಡಿನ ಗಾಡಿಗೆ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಹಸಿರು ತೆರಿಗೆ ಬೇರೆ. 13–14 ವರ್ಷದ ಗಾಡಿ ಇದ್ದಕ್ಕಿದ್ದ ಹಾಗೆ ಸೋವಿಯಾಗಿ ಸಿಗುತ್ತಿದ್ದರೆ ಕಾರಣ ಬಹುಶಃ ಇದೇ. ಹಳದಿ ಬೋರ್ಡಾದರೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ). ಎಫ್‌ಸಿ ಮುಗಿದು ಎಷ್ಟು ದಿನವಾಯಿತು, ತೆರಿಗೆ ಎಲ್ಲಿಯವರೆಗೆ ಕಟ್ಟಿದೆ ನೋಡಿ. ಬಾಕಿ ಉಳಿದದ್ದು ಗಾಡಿಯ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ. ಲಡಾಖ್ ಕಡೆ ಹೋಗುವ ಆಸೆ ಇದ್ದವರಿಗೆ ಇನ್ನೊಂದು ಮಾತು: ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧದ ಗಲಾಟೆ ಬಹಳ ವರ್ಷಗಳಿಂದ ನಡೆದಿದೆ, ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ಮುಂಚೆ ಆಗಿನ ಸ್ಥಿತಿ ನೋಡಿಕೊಳ್ಳಿ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಸಾಲ ಇನ್ನೂ ಗಾಡಿ ಮೇಲಿದೆ ಎಂದರ್ಥ. ಸಾಲ ತೀರಿದ್ದರೂ ಹೆಸರು ತೆಗೆಸದೇ ಬಿಟ್ಟಿರುತ್ತಾರೆ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಸಹಿ ಮಾಡಿದ ಫಾರ್ಮ್ 35 ಕೈಗೆ ಬರುವ ತನಕ ಮುಂದುವರಿಯಬೇಡಿ. ಇ-ಚಲನ್ ಬಾಕಿಯನ್ನೂ ನಂಬರ್ ಹಾಕಿ ನೋಡಿ.

ಗೋವಾ, ಕೊಲ್ಹಾಪುರ, ಪುಣೆ ಕಡೆಯ ಗಾಡಿಗಳು ನಮಗೆ ಹತ್ತಿರ, ರೇಟೂ ಕಡಿಮೆ ಕಾಣುತ್ತದೆ. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಅದೆಲ್ಲ ಕೂಡಿಸಿ ಆಮೇಲೆ ಬೆಲೆ ಹೋಲಿಸಿ. ಬೇರೆ ರಾಜ್ಯದ ನಂಬರ್‌ನಲ್ಲೇ ಸುಮ್ನೆ ಓಡಿಸಿದರಾಯಿತು ಅನ್ನೋ ಲೆಕ್ಕ ನಡೆಯೋದಿಲ್ಲ. 12 ತಿಂಗಳು ದಾಟಿ ಇಲ್ಲೇ ಇಟ್ಟುಕೊಂಡರೆ ಹೊಸ ನಂಬರ್ ಕಡ್ಡಾಯ.

ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು

ಬೇಸಿಗೆಯಲ್ಲಿ ಎಲ್ಲ ಕ್ಯಾಂಪರ್ ವ್ಯಾನೂ ಒಣಗಿಯೇ ಇರುತ್ತವೆ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿ ನೋಡಿ ಸೋರಿಕೆ ಇಲ್ಲ ಅಂತ ಹೇಳೋಕಾಗೋದಿಲ್ಲ. ಸಾಧ್ಯವಾದರೆ ಜುಲೈ, ಆಗಸ್ಟ್‌ನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ನೋಡೋಕೆ ಹೋಗಿ. ಮಳೆ ನಿಂತ ಮರುದಿನ ಬೆಳಿಗ್ಗೆ ಇನ್ನೂ ಒಳ್ಳೆಯದು. ಬಾಗಿಲು ತೆರೆದ ಕೂಡಲೇ ಒಳಗೆ ಮುಖ ಹಾಕಿ ಮೂಸಿ. ಬೂಷ್ಟು ಹಿಡಿದ ವಾಸನೆಯನ್ನು ಯಾವ ಪರ್ಫ್ಯೂಮೂ ಪೂರ್ತಿ ಮುಚ್ಚೋದಿಲ್ಲ. ಒಳಗೆ ಹೆಜ್ಜೆ ಇಟ್ಟರೆ ಊದುಬತ್ತಿ ಘಮಘಮ ಅಂತಿದ್ದರೆ, ಕಿಟಕಿ ಎಲ್ಲ ಮೊದಲೇ ತೆಗೆದಿಟ್ಟಿದ್ದರೆ, ಸ್ವಲ್ಪ ಅನುಮಾನ ಇರಲಿ.

ನೀರು ಒಳಗೆ ಬರುವುದು ಮಾಳಿಗೆ ಕೊರೆದ ಜಾಗಗಳಿಂದ. ಸೋಲಾರ್ ಪ್ಯಾನೆಲ್‌ನ ಕಾಲು, ಗಾಳಿ ಕಿಂಡಿ, ಎಸಿ ಕೂರಿಸಿದ ಚೌಕ, ವೈರ್ ಇಳಿಸಿದ ತೂತು, ನೆರಳಿನ ಪರದೆಯ ಬ್ರಾಕೆಟ್. ಏಣಿ ಹತ್ತಿ ಮೇಲೆ ನೋಡಲೇಬೇಕು. ಸೀಲಂಟ್ ಬಿರುಕು ಬಿಟ್ಟಿದೆಯಾ? ಒಂದರ ಮೇಲೊಂದು ಬಳಿದು ದಪ್ಪಗಾಗಿದೆಯಾ? ಬಿಳಿ, ಕಪ್ಪು, ಬೂದಿ ಅಂತ ಮೂರು ಬಣ್ಣದ ಸೀಲಂಟ್ ಒಂದೇ ಕಡೆ ಕಂಡರೆ ಆ ಜಾಗ ಮೂರು ಸಲವಾದರೂ ಸೋರಿದೆ ಅಂತಲೇ ತಿಳಿಯಿರಿ. ಮಾಳಿಗೆ ನಡುವೆ ಹಳ್ಳ ಬಿದ್ದು ನೀರು ನಿಂತ ಕಲೆ ಇದೆಯಾ ಅಂತಲೂ ನೋಡಿ. ಭಾರದ ಎಸಿ ಹೊತ್ತ ಮಾಳಿಗೆಗಳಲ್ಲಿ ಇದು ಕಾಣುತ್ತದೆ.

ಈಗ ಒಳಗೆ. ನೀರು ಬರುವುದು ಮೇಲಿಂದ, ನಿಲ್ಲುವುದು ಕೆಳಗೆ. ಹಾಸಿಗೆ ಎತ್ತಿ, ಮಂಚದ ಕೆಳಗಿನ ಡಬ್ಬದ ಮೂಲೆ ನೋಡಿ. ಕಪಾಟಿನ ಹಿಂದಿನ ಗೋಡೆ, ಕಿಟಕಿಯ ಕೆಳ ಅಂಚು, ಬಾಗಿಲ ಹೊಸಿಲು, ಸಿಂಕಿನ ಅಡಿ. ಪ್ಲೈವುಡ್ ಮೇಲೆ ಹೆಬ್ಬೆಟ್ಟಿನಿಂದ ಬಲವಾಗಿ ಒತ್ತಿ. ಗಟ್ಟಿ ಪ್ಲೈ ಮಿಸುಕೋದಿಲ್ಲ. ನೀರು ಕುಡಿದದ್ದು ನೆನೆದ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತದೆ. ಸನ್‌ಮೈಕಾ ಅಂಚಿನಲ್ಲಿ ಎದ್ದಿದ್ದರೆ, ಪ್ಲೈ ಪದರ ಪದರವಾಗಿ ಉಬ್ಬಿದ್ದರೆ ಕೇಳುವುದೇ ಬೇಡ. ಗೆಣ್ಣಿನಿಂದ ಗೋಡೆ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಕ್ ಟಕ್ ಅಂತಿದ್ದ ಸದ್ದು ಒಂದು ಕಡೆ ಮಂದವಾದರೆ ಅಲ್ಲಿ ನಿಲ್ಲಿ.

ಎಲ್ಲಕ್ಕಿಂತ ಚೆನ್ನಾಗಿ ಸುಳಿವು ಕೊಡುವುದು ಒಂದು ಸ್ಕ್ರೂ. ಕಿಟಕಿ ಮೇಲಿನ ಪರದೆ ಕೋಲಿನ ಬ್ರಾಕೆಟ್ ಇರುತ್ತದಲ್ಲ, ಅದರದ್ದೊಂದು ಸ್ಕ್ರೂ ಬಿಚ್ಚಿ ತೋರಿಸಿ ಅಂತ ಕೇಳಿ. ತಲೆ ಹೊಳೆಯುತ್ತಿರುತ್ತದೆ, ಅದನ್ನು ನೋಡಬೇಡಿ. ಗೋಡೆಯೊಳಗಿದ್ದ ಮೈ ನೋಡಿ. ಬೆಳ್ಳಗೆ ಒಣ ಪುಡಿಯ ಜೊತೆ ಬಂದರೆ ಒಳಗಿನ ಮರ ಒಣಗಿದೆ. ಕೆಂಪಗೆ ಜಂಗು ತಿಂದು, ಎಳೆದ ಕೂಡಲೇ ತಿರುವಿಲ್ಲದೇ ಸರಕ್ಕನೆ ಬಂದು, ಜೊತೆಗೆ ಕಪ್ಪು ಹಸಿ ಹೊಟ್ಟು ಉದುರಿದರೆ ಗೋಡೆ ಒಳಗಿಂದ ಸತ್ತಿದೆ. ಹೊಸ ವಾಲ್‌ಪೇಪರ್ ಅಂಟಿಸಿದ್ದರೂ ಸ್ಕ್ರೂ ಸುಳ್ಳು ಹೇಳೋದಿಲ್ಲ. ಬೇಡ ಅಂದರೆ, ಯಾಕೆ ಬೇಡ ಅಂತ ಕೇಳಿ.

ಬೇಸಿಗೆಯಲ್ಲೇ ನೋಡಬೇಕಾಗಿ ಬಂದರೆ ಗಾಡಿಯನ್ನು ವಾಟರ್ ಸರ್ವಿಸ್‌ಗೆ ಒಯ್ಯಿರಿ, ದುಡ್ಡು ನೀವೇ ಕೊಡಿ. ಪ್ರೆಶರ್ ಗನ್ ಬೇಡ. ಅದರ ರಭಸಕ್ಕೆ ಗಟ್ಟಿ ಸೀಲಂಟೂ ಕಿತ್ತುಬರುತ್ತದೆ, ಮಾರುವವರ ಜೊತೆ ಸುಮ್ನೆ ಜಗಳ. ಸಾದಾ ಪೈಪಿನಲ್ಲಿ ಮಾಳಿಗೆ ಮೇಲೆ, ಕಿಟಕಿಗಳ ಮೇಲೆ ಕಾಲು ಗಂಟೆ, ಇಪ್ಪತ್ತು ನಿಮಿಷ ಮಳೆ ಹನಿಸಿದ ಹಾಗೆ ನೀರು ಬಿಡಿಸಿ. ನೀವು ಒಳಗೆ ಟಾರ್ಚ್ ಹಿಡಿದು ಕೂತಿರಿ. ಆಮೇಲೆ ಗಾಡಿಯನ್ನು ಒಂದು ರೌಂಡ್ ಓಡಿಸಿ, ಎರಡು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ. ಒಳಮಾಳಿಗೆಯ ಸಂದಿಯಲ್ಲಿ ಅಡಗಿ ಕೂತ ನೀರು ಮುಂದೆ ಹರಿದು ಡ್ರೈವರ್ ತಲೆ ಮೇಲೆ ತೊಟ್ಟಿಕ್ಕುವುದು ಆಗಲೇ.

ಗೆದ್ದಲು, ಇಲಿ ಇವೂ ಈ ಲೆಕ್ಕದಲ್ಲೇ ಬರಲಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇಲಿ ವೈರ್ ಕಡಿಯದೇ ಬಿಡೋದಿಲ್ಲ. ಕಪಾಟಿನ ಮೂಲೆಯಲ್ಲಿ ಹಿಕ್ಕೆ ಇದೆಯಾ ನೋಡಿ.

ಗಾಡಿಯ ಕೆಳಗೆ ಮಲಗಿ ನೋಡಬೇಕು

ಹಳೇ ಚಾಪೆ, ಟಾರ್ಚ್, ಒಂದು ಸ್ಕ್ರೂ ಡ್ರೈವರ್. ರ‍್ಯಾಂಪ್ ಇರುವ ಗ್ಯಾರೇಜ್ ಸಿಕ್ಕರೆ ಮೈಕೈ ಹೊಲಸಾಗುವುದು ತಪ್ಪುತ್ತದೆ.

ಗೋವಾ, ಕಾರವಾರ ಕಡೆ ಇದ್ದ ಗಾಡಿಗೆ ಸಮುದ್ರದ ಉಪ್ಪುಗಾಳಿಯಿಂದ ಜಂಗು ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ನವಲಗುಂದ, ನರಗುಂದ ಕಡೆ ಓಡಿದ ಗಾಡಿಯನ್ನು ಯಾರೂ ಅಷ್ಟು ಅನುಮಾನಿಸೋದಿಲ್ಲ. ಅಲ್ಲಿನ ಎರೆಮಣ್ಣು ಮಳೆಗಾಲದಲ್ಲಿ ಚಾಸಿಯ ಮೇಲ್ಬದಿಗೆ, ಕ್ರಾಸ್ ಮೆಂಬರ್‌ಗಳ (ಚಾಸಿಯ ಅಡ್ಡಪಟ್ಟಿಗಳ) ಸಂದಿಗೆ ಹೋಗಿ ಮೆತ್ತಿಕೊಂಡು ಕೂರುತ್ತದೆ. ಹೊರಗೆ ಒಣಗಿ ಕಲ್ಲಾದರೂ ಒಳಗೆ ತೇವ ಹಿಡಿದಿಟ್ಟಿರುತ್ತದೆ. ಆ ಹೆಂಟೆಯನ್ನು ಸ್ಕ್ರೂ ಡ್ರೈವರ್‌ನಿಂದ ಕಿತ್ತು ಕೆಳಗಿನ ಕಬ್ಬಿಣ ನೋಡಿ. ಮೇಲ್ಮೈ ಕೆಂಪಾಗಿದ್ದರೆ ಅಡ್ಡಿಯಿಲ್ಲ, ಹಳೇ ಗಾಡಿ ಅಂದ ಮೇಲೆ ಅಷ್ಟು ಇರುತ್ತದೆ. ತುಕ್ಕು ಹಪ್ಪಳದ ಹಾಗೆ ಪದರ ಎದ್ದು ಬರುತ್ತಿದ್ದರೆ, ಕುಟ್ಟಿದಾಗ ಸ್ಕ್ರೂ ಡ್ರೈವರ್ ತುದಿ ಒಳಗೆ ಇಳಿದರೆ, ಎದ್ದು ಮೈ ಕೊಡವಿಕೊಂಡು ಮನೆಗೆ ಬನ್ನಿ. ಟಾಟಾ ವಿಂಗರ್‌ನಂಥ ಗಾಡಿಯಲ್ಲಿ ಇನ್ನೂ ಬಿಗಿಯಾಗಿ ನೋಡಬೇಕು. ಅದಕ್ಕೆ ಬೇರೆ ಚಾಸಿ ಇಲ್ಲ, ಮೈಯೇ ಭಾರ ಹೊರುತ್ತದೆ. ಅಲ್ಲಿ ತಳ ತುಕ್ಕು ಹಿಡಿದರೆ ಬೆನ್ನುಮೂಳೆಗೇ ಪೆಟ್ಟು.

ತಳಕ್ಕೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅದು ಒಳ್ಳೆಯ ಲಕ್ಷಣವೂ ಆಗಬಹುದು, ಮುಚ್ಚಿಡುವ ಆಟವೂ ಆಗಬಹುದು. ಯಾವಾಗ ಮಾಡಿಸಿದಿರಿ, ಬಿಲ್ ಇದೆಯಾ ಅಂತ ಕೇಳಿ. ಮಾರೋಕೆ ವಾರದ ಮುಂಚೆ ಮಾಡಿಸಿದ್ದರೆ ಅರ್ಥ ಗೊತ್ತಾಯಿತು ಅಲ್ವಾ? ಹೊರಮೈಗೆ ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿ. ಅಂಟದ ಜಾಗದಲ್ಲಿ ತಗಡಿಗಿಂತ ಪುಟ್ಟಿ ಜಾಸ್ತಿ. ಆದರೆ ಕೆಲವು ಭಾಗ ಫೈಬರ್‌ನಿಂದಲೇ ಮಾಡಿರುತ್ತಾರೆ, ಅದನ್ನು ಕೇಳಿಕೊಂಡೇ ತೀರ್ಮಾನಿಸಿ.

ಇಲ್ಲಿರುವಾಗಲೇ ಚಾಸಿ ನಂಬರ್ ಹುಡುಕಿ. ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಟಿಒದಲ್ಲಿ ಮಾಡುವ ಹಾಗೆ ಪ್ರಿಂಟ್ ತೆಗೆದುಕೊಳ್ಳಿ. ಆರ್‌ಸಿಯ ನಂಬರ್ ಜೊತೆ ಅಕ್ಷರ ಅಕ್ಷರ ಹೋಲಿಸಿ. ಸುತ್ತ ವೆಲ್ಡಿಂಗ್ ಗುರುತು ಕಂಡರೆ, ಅಂಕಿಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಆ ಗಾಡಿಯ ಸಹವಾಸ ಬೇಡ.

ಟೈರ್ ಗುಂಡಿ (ನೆಲಕ್ಕೆ ತಾಗುವ ರಬ್ಬರಿನ ಉಬ್ಬು) ಎಷ್ಟಿದ್ದರೂ ವಯಸ್ಸು ಓದಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಒಂದು ಚೌಕಟ್ಟಿನಲ್ಲಿರುತ್ತವೆ. 2319 ಅಂದರೆ 2019ರ 23ನೇ ವಾರ. ಕ್ಯಾಂಪರ್ ವ್ಯಾನ್ ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ, ಹಾಗಾಗಿ ಗುಂಡಿ ಹೊಸದರ ಹಾಗೆ ಕಂಡರೂ ರಬ್ಬರ್ ಮುದಿಯಾಗಿರುತ್ತದೆ. ಆರು ವರ್ಷ ದಾಟಿದ ಟೈರ್‌ಗಳನ್ನು ಬದಲಿಸುವ ಖರ್ಚು ಬೆಲೆಯಲ್ಲಿ ಮುರಿಯಿರಿ. ಸ್ಟೆಪ್ನಿಯನ್ನು ಮರೆಯಬೇಡಿ.

ಕಾಟಾ ಮೇಲೆ ನಿಲ್ಲಿಸಿ

ಇದನ್ನು ಮಾಡುವವರು ಬಹಳ ಕಡಿಮೆ, ಖರ್ಚು ಮಾತ್ರ ಏನೇನೂ ಇಲ್ಲ. ಅಮರಗೋಳ ಎಪಿಎಂಸಿ ಕಡೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲಾರಿ ತೂಗುವ ವೇ ಬ್ರಿಡ್ಜ್ ಸಿಗುತ್ತದೆ. ಗಾಡಿ ನಿಲ್ಲಿಸಿ ಚೀಟಿ ತೆಗೆದುಕೊಳ್ಳಿ.

ಆರ್‌ಸಿಯಲ್ಲಿ ಒಟ್ಟು ತೂಕದ ಮಿತಿ 3,500 ಕೆಜಿ ಇದೆ ಅಂತಿಟ್ಟುಕೊಳ್ಳಿ. ಕಾಟಾ ಚೀಟಿ 3,050 ಅಂತ ಬಂತು. ಉಳಿದದ್ದು 450. ನಾಲ್ಕು ಜನಕ್ಕೆ 260 ಕೆಜಿ. 100 ಲೀಟರ್ ನೀರಿನ ಟ್ಯಾಂಕ್ ತುಂಬಿಸಿದರೆ 100 ಕೆಜಿ. ಉಳಿದ 90 ಕೆಜಿಯಲ್ಲಿ ಬಟ್ಟೆ, ಪಾತ್ರೆ, ಅಕ್ಕಿಬೇಳೆ, ಸಿಲಿಂಡರ್, ಅಜ್ಜಿಯ ಮಡಿ ಸಾಮಾನು ಎಲ್ಲ ಬರಬೇಕು. ಅರಬೈಲ್ ಘಾಟಿನಲ್ಲಿ ಬ್ರೇಕ್ ಕಾದು ವಾಸನೆ ಬರೋದು ಇಂಥ ಲೆಕ್ಕ ತಪ್ಪಿದಾಗ. ಗಾಡಿಯನ್ನು ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನ ಚಕ್ರ ಮಾತ್ರ ಕಾಟಾ ಮೇಲೆ ನಿಲ್ಲಿಸಿಯೂ ತೂಗಿಸಿ. ಬ್ಯಾಟರಿ, ಟ್ಯಾಂಕ್, ಮಂಚ ಎಲ್ಲ ಹಿಂದೆ ತುರುಕಿದ ಗಾಡಿಯಲ್ಲಿ ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಚಪ್ಪಟೆಯಾಗಿ ಕೂತಿರುತ್ತದೆ. ದೂರ ನಿಂತು ಪಕ್ಕದಿಂದ ನೋಡಿದರೂ ಗಾಡಿ ಹಿಂದಕ್ಕೆ, ಇಲ್ಲವೇ ಒಂದು ಬದಿಗೆ ವಾಲಿರೋದು ತಿಳಿಯುತ್ತದೆ.

ಲೈಸೆನ್ಸ್ ಬಗ್ಗೆ ಹೆದರಬೇಡಿ. ಒಟ್ಟು ತೂಕ 7,500 ಕೆಜಿ ಮೀರದ ಗಾಡಿಗೆ ಕಾರಿನ ಎಲ್‌ಎಂವಿ ಲೈಸೆನ್ಸೇ ನಡೆಯುತ್ತದೆ. ಆ ತೂಕದೊಳಗಿನ ಸಾರಿಗೆ ವಾಹನಕ್ಕೂ ಅದು ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಗ್ಯಾಸು, ಕರೆಂಟು

ಗ್ಯಾಸ್ ವಿಷಯದಲ್ಲಿ ಮುಲಾಜು ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗೆ, ನೀವು ಮಲಗುವ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಸಿಲಿಂಡರ್ ಇಡುವ ಡಬ್ಬ ಒಳಗಿನ ಕೋಣೆಯಿಂದ ಪೂರ್ತಿ ಬೇರೆಯಾಗಿರಬೇಕು, ತಳದಲ್ಲಿ ಹೊರಗೆ ತೆರೆಯುವ ಕಿಂಡಿ ಇರಬೇಕು. ಆ ಕಿಂಡಿಯನ್ನು ಧೂಳು ಬರುತ್ತದೆ ಅಂತ ಟೇಪ್ ಹಾಕಿ ಮುಚ್ಚಿರೋದು ಸಾಮಾನ್ಯ. ಮಂಚದ ಕೆಳಗೆ ಮನೆಯ 14.2 ಕೆಜಿ ಸಿಲಿಂಡರ್ ಹಗ್ಗದಲ್ಲಿ ಕಟ್ಟಿಟ್ಟಿದ್ದರೆ ಆ ಗಾಡಿಯ ಉಳಿದ ಕೆಲಸವೂ ಅದೇ ಧಾಟಿಯಲ್ಲಿ ಆಗಿದೆ ಅಂತ ಅಂದಾಜು ಮಾಡಬಹುದು. ಸಿಲಿಂಡರ್ ಕೊರಳಿನ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ಇಸವಿ ಇರುತ್ತದೆ. ಬಿ-27 ಅಂದರೆ 2027ರ ಎರಡನೇ ಮೂರು ತಿಂಗಳೊಳಗೆ (ಏಪ್ರಿಲ್–ಜೂನ್) ಮರುಪರೀಕ್ಷೆ ಆಗಬೇಕು. ರಬ್ಬರ್ ಟ್ಯೂಬ್ ಹಳೇದಿದ್ದರೆ ಚರ್ಚೆ ಮಾಡಬೇಡಿ, ಬದಲಿಸಿ. ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯಾ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಶೂರರು ಇನ್ನೂ ಇದ್ದಾರೆ, ಅವರಿಂದ ದೂರ ನಿಲ್ಲಿ.

ಇದರ ಜೊತೆಗೇ ಒಂದು ಮಾತು. ಹಿಂಬಾಗಿಲು ಒಳಗಿನಿಂದ ತೆರೆಯುತ್ತದೆಯಾ? ಮಂಚ ಅಡ್ಡ ಹಾಕಿ ಎಷ್ಟೋ ಗಾಡಿಗಳಲ್ಲಿ ಆ ದಾರಿಯನ್ನೇ ಮುಚ್ಚಿರುತ್ತಾರೆ. ಬೆಂಕಿ ಹತ್ತುವುದು ಸಾಮಾನ್ಯವಾಗಿ ಪಕ್ಕದ ಬಾಗಿಲ ಬಳಿಯ ಒಲೆಯಲ್ಲಿ. ಆಗ ಎಲ್ಲಿಂದ ಇಳೀತೀರಿ?

ಕರೆಂಟಿಗೆ ಒಂದು ಸಾದಾ ಮಲ್ಟಿಮೀಟರ್ ಸಾಕು. ಮನೆ ಭಾಗದ ಬ್ಯಾಟರಿ ರಾತ್ರಿಯಿಡೀ ಸುಮ್ಮನಿದ್ದ ಮೇಲೆ 12.6 ವೋಲ್ಟ್ ಆಸುಪಾಸು ತೋರಿಸಿದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಇದು ಲೆಡ್ ಆಸಿಡ್ ಬ್ಯಾಟರಿಯ ಲೆಕ್ಕ, ಲಿಥಿಯಂ ಆದರೆ ಬೇರೆ. ಆದರೆ ಸತ್ತ ಬ್ಯಾಟರಿಯೂ ಚಾರ್ಜರ್ ತೆಗೆದ ಹೊಸತರಲ್ಲಿ 12.7 ತೋರಿಸುತ್ತದೆ. ಆದ್ದರಿಂದ ಫ್ಯಾನು, ಲೈಟು, ಫ್ರಿಜ್ಜು ಎಲ್ಲ ಹಾಕಿ ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಪಟಕ್ಕನೆ ಇಳಿದರೆ ಹೊಸ ಬ್ಯಾಟರಿ ಖರ್ಚು ನಿಮ್ಮದು. ಇಂಜಿನ್ ಚಾಲೂ ಇದ್ದಾಗ 14ರ ಆಸುಪಾಸು ಬರಬೇಕು, ಇಲ್ಲದಿದ್ದರೆ ಓಡುವಾಗ ಚಾರ್ಜ್ ಆಗುತ್ತಿಲ್ಲ.

"ಎಸಿ ರಾತ್ರಿಪೂರ್ತಿ ನಡೀತೈತಿ" ಎಂಬ ಮಾತನ್ನು ಕಾಗದದ ಮೇಲೆ ಪರೀಕ್ಷಿಸಬಹುದು. 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಅಂದರೆ 1,800 ವಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಳೆಯಬಾರದು, ಅಂದರೆ 900. ಸಾವಿರ ವಾಟ್ ಎಳೆಯುವ ಎಸಿ ಅದರಲ್ಲಿ ಒಂದು ಗಂಟೆಯೂ ನಡೆಯೋದಿಲ್ಲ. ಫ್ಯಾನ್ ಮಾತ್ರ ಆರಾಮಾಗಿ ರಾತ್ರಿ ಕಳೆಯುತ್ತದೆ.

ವೈರಿಂಗ್ ಕಾಣುವ ಒಂದು ಮುಚ್ಚಳ ತೆಗೆಸಿ ನೋಡಿ. ವೈರ್ ತಿರುಚಿ ಟೇಪ್ ಸುತ್ತಿದ ಜೋಡಣೆಗಳು, ಬ್ಯಾಟರಿ ಹತ್ತಿರ ಫ್ಯೂಸೇ ಇಲ್ಲದ ದಪ್ಪ ಕೇಬಲ್, ಗಾಳಿ ಆಡದ ಡಬ್ಬದಲ್ಲಿ ಮುಚ್ಚಿಟ್ಟ ಇನ್ವರ್ಟರ್ ಬ್ಯಾಟರಿ. ಈ ಮೂರರಲ್ಲಿ ಒಂದು ಕಂಡರೂ ಪೂರ್ತಿ ವೈರಿಂಗ್ ಹೊಸದಾಗಿ ಮಾಡಿಸುವ ಖರ್ಚು ಹಿಡಿಯಿರಿ. ಹೊರಗಿನಿಂದ 230 ವೋಲ್ಟ್ ತೆಗೆದುಕೊಳ್ಳುವ ಪ್ಲಗ್ ಇದ್ದರೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್) ಇರಲೇಬೇಕು. ಹೊಲದ ಮನೆಯ ಮೀಟರ್‌ನಿಂದ ವೈರ್ ಎಳೆದಾಗ ಅರ್ತಿಂಗ್ ಹೇಗಿರುತ್ತದೋ, ಹೇಳೋಕಾಗೋದಿಲ್ಲ. ತಗಡಿನ ಗೋಡೆ ಮುಟ್ಟಿ ನಿಲ್ಲುವವರು ನೀವು.

ನೀರಿನ ಟ್ಯಾಂಕ್ ತುಂಬಿಸಿ ಪಂಪ್ ಹಾಕಿ. ನಲ್ಲಿ ನಿಲ್ಲಿಸಿದ ಮೇಲೂ ಪಂಪ್ ಆಗಾಗ ಟರ್ರ್ ಅನ್ನುತ್ತಿದ್ದರೆ ಎಲ್ಲೋ ಸೋರಿಕೆ. ಟಾಯ್ಲೆಟ್ ಕ್ಯಾಸೆಟ್ (ಹೊಲಸು ತುಂಬುವ ಡಬ್ಬ) ಹೊರಗೆ ಎಳೆದು ಸೀಲ್ ನೋಡಿ. ಇಷ್ಟೇ ಸಾಕು, ಇದರಲ್ಲಿ ದೊಡ್ಡ ದುಡ್ಡು ಹೋಗೋದಿಲ್ಲ.

ಈಗ ಮಿಸ್ತ್ರಿಯನ್ನು ಕರೆಯಿರಿ

ಮುಂಜಾನೆ ತಣ್ಣಗಿರುವಾಗ ಹೋಗಿ. ಹೋಗುವ ಹೊತ್ತಿಗೆ ಬಾನೆಟ್ ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇವೆ ಅನ್ನಿ. ತಣ್ಣನೆ ಇಂಜಿನ್ ಎಷ್ಟು ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಹೊಗೆ ಯಾವ ಬಣ್ಣ ನೋಡಿ. ನೀಲಿ ಹೊಗೆ ಇಂಜಿನ್ ಆಯಿಲ್ ಸುಡುವ ಗುರುತು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳ ತೆಗೆದು ಚಾಲೂ ಇಂಜಿನ್ ಮೇಲೆ ಸಡಿಲವಾಗಿ ಇಡಿ. ಭುಸುಗುಟ್ಟುತ್ತಾ ಹಾರಿಬೀಳುವಷ್ಟು ಒತ್ತಡ ಇದ್ದರೆ ಪಿಸ್ಟನ್ ರಿಂಗ್ ಕೆಲಸ ಬಂದಿದೆ. ಹಳೇ ಟ್ರಾವೆಲರ್‌ಗಳ ಡೀಸೆಲ್ ಇಂಜಿನ್ನಿನ ಮೂಲ ಮರ್ಸಿಡಿಸ್‌ನ ಓಎಂ616. ಬಜಾಜ್ ಟೆಂಪೋ ಕಾಲದಿಂದ ನಮ್ಮ ಮಿಸ್ತ್ರಿಗಳ ಕೈ ಪಳಗಿದ್ದು ಅದರ ಮೇಲೆ. ಆದ್ದರಿಂದ ಹೆದರುವುದಕ್ಕಿಂತ ಖರ್ಚು ಬರೆದುಕೊಂಡು ಚೌಕಾಸಿ ಮಾಡುವುದು ಒಳ್ಳೆಯದು. 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ಮಾನದಂಡದ) ಗಾಡಿಯಾದರೆ ಮಾತ್ರ ಕಂಪ್ಯೂಟರ್ ಹಾಕಿ ಸೆನ್ಸರ್ ದೋಷಗಳನ್ನು ಓದಿಸಿ, ಅಲ್ಲಿ ಕಿವಿ ಸಾಲದು.

ಓಡಿಸಿ ನೋಡೋಕೆ ಊರೊಳಗಿನ ಒಂದು ಸುತ್ತು ಸಾಲದು. ನೃಪತುಂಗ ಬೆಟ್ಟದ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಿಡಿಯುತ್ತದೆಯಾ ನೋಡಿ, ಅಲ್ಲಿಂದಲೇ ಎತ್ತಿ. ಕ್ಲಚ್ ಸುಟ್ಟ ವಾಸನೆ ಬಂದರೆ ತಿಳಿಯುತ್ತದೆ. ಆಮೇಲೆ ಉಣಕಲ್, ನವನಗರ ದಾಟಿ ಧಾರವಾಡಕ್ಕೆ ಹೋಗಿ, ನರೇಂದ್ರದಿಂದ ಗಬ್ಬೂರಿನವರೆಗೆ ಬೈಪಾಸ್ ಹಿಡಿದು ವಾಪಸ್ ಬನ್ನಿ. ಬೈಪಾಸ್‌ನಲ್ಲಿ ಲಾರಿ ಎದುರು ಬಂದಾಗ ಗಾಡಿ ಎಷ್ಟು ತೂಗಾಡುತ್ತದೆ, ಸ್ಟಿಯರಿಂಗ್ ಎಳೆಯುತ್ತದೆಯಾ, ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ. ಒಬ್ಬರು ಹಿಂದೆ ಕೂತು ಕಪಾಟುಗಳ ಸದ್ದು ಕೇಳಲಿ. ಹಂಪಿನಲ್ಲಿ ಬಾಗಿಲು ತೆರೆದುಕೊಳ್ಳೋದು, ಕಪಾಟಿನ ಮೊಳೆ ಕಿರುಗುಟ್ಟೋದು ಮುಂದೆ ಕೂತವರಿಗೆ ಗೊತ್ತಾಗೋದಿಲ್ಲ. ಕುಳಿತವರಿಗೆಲ್ಲ ತಳಕ್ಕೆ ಬೋಲ್ಟ್ ಹಾಕಿದ ಸೀಟು, ಬೆಲ್ಟ್ ಇದೆಯಾ ಅನ್ನೋದೂ ಆಗಲೇ ನೋಡಿ. ಮಂಚದ ಮೇಲೆ ಕೂತು ಪ್ರಯಾಣ ಮಾಡಿದರೆ ಅದು ಸೀಟಾಗೋದಿಲ್ಲ.

ಬೆಲೆ, ಇಸಾರ, ಹೆಸರು ಬದಲು

ಮಾರುವವರು ಒಳಗಿನ ಕೆಲಸದ ಬಿಲ್ಲುಗಳ ಕಂತೆ ತೋರಿಸುತ್ತಾರೆ. ಐದಾರು ವರ್ಷ ಹಳೆಯ ಪ್ಲೈವುಡ್, ಬ್ಯಾಟರಿ, ಹಾಸಿಗೆಗೆ ನಾನಂತೂ ಬೆಲೆ ಕಟ್ಟೋದಿಲ್ಲ. ಅದೇ ವರ್ಷದ ಸಾದಾ ಟ್ರಾವೆಲರ್ ಏನು ರೇಟಿಗೆ ಹೋಗುತ್ತಿದೆ ಅಂತ ತಿಳಿದುಕೊಂಡು, ಅಲ್ಲಿಂದ ಶುರು ಮಾಡಿ. ಆರ್‌ಸಿಯಲ್ಲಿ ಸರಿಯಾದ ವರ್ಗ ಇದ್ದರೆ ಮೇಲೆ ಧಾರಾಳವಾಗಿ ಕೊಡಿ, ಏಕೆಂದರೆ ಓಡಾಟ ಉಳಿಯುತ್ತದೆ. ಇಲ್ಲದಿದ್ದರೆ ಇಳಿಸಿ.

ಇಸಾರ ಕೊಡುವಾಗ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಎನ್‌ಒಸಿ, ಫಾರ್ಮ್ 35, ವರ್ಗ ಬದಲಾವಣೆ ಇವುಗಳಲ್ಲಿ ಬಾಕಿ ಏನಿದೆಯೋ ಅದು ಇಂಥ ದಿನದೊಳಗೆ ಆಗದಿದ್ದರೆ ಇಸಾರ ವಾಪಸ್. ದುಡ್ಡು ಬ್ಯಾಂಕ್ ಮೂಲಕವೇ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹೋಗಲಿ. ಮಾಲೀಕರ ಭಾವಮೈದುನನ ಖಾತೆಗೆ ಬೇಡ.

ಹೆಸರು ಬದಲಿನ ಫಾರ್ಮ್ 29, ಫಾರ್ಮ್ 30ಕ್ಕೆ ಮಾರುವವರ ಸಹಿ ನಿಮ್ಮ ಎದುರಿಗೇ ಆಗಲಿ. ಒಂದೇ ರಾಜ್ಯದೊಳಗಿನ ಮಾರಾಟವನ್ನು ಅವರು 14 ದಿನದೊಳಗೆ, ನೀವು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆ ಕಂಪನಿಗೂ 14 ದಿನದೊಳಗೆ ತಿಳಿಸಿ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿ. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆ ತಾನೇ ಬರುತ್ತದೆ, ನಿಮ್ಮ ಗಾಡಿಗೆ ಆಗುವ ಹಾನಿಯ ಭಾಗ ಹಾಗೆ ಬರೋದಿಲ್ಲ. ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷ, ಕಿಲೋಮೀಟರ್ ರೀಡಿಂಗ್ ಬರೆಸಿ, ಇಬ್ಬರೂ ಸಹಿ ಹಾಕಿ. ಬೆಳಿಗ್ಗೆಯ ಚಲನ್ ಯಾರದು, ಸಂಜೆಯದು ಯಾರದು ಅನ್ನೋ ಜಗಳ ಬಂದರೆ ಆ ಚೀಟಿಯೇ ಸಾಕ್ಷಿ. ಹಳೇ ಫಾಸ್ಟ್ಯಾಗ್ ಅವರಿಂದಲೇ ಮುಚ್ಚಿಸಿ, ನಿಮ್ಮ ಹೆಸರಲ್ಲಿ ಸರಿಯಾದ ವರ್ಗದ್ದು ಹೊಸದು ಹಾಕಿಸಿಕೊಂಡೇ ಟೋಲ್ ದಾಟಿ.